ಸೆಡೇಶನ್ ಕೊಟ್ಟು ಬುದ್ಧಿ ಹಲ್ಲು ತೆಗೆದರು: ತುಮಕೂರಿನಲ್ಲಿ ನಾನು ಕೊಟ್ಟ ದುಡ್ಡು ಯಾವುದಕ್ಕೆ

ಮಂಪರು ತರಿಸುವ ಮಿಡಜೋಲಾಮ್ ಇಂಜೆಕ್ಷನ್‌ನ 5 ಮಿ.ಲೀ. ವಯಲ್‌ಗೆ ನೂರು ರೂಪಾಯಿಯೂ ಆಗುವುದಿಲ್ಲ. ಶಿರಾ ಗೇಟ್ ಕಡೆ ಮೆಡಿಕಲ್ ಸ್ಟೋರ್ ನಡೆಸುವ ಫಾರ್ಮಸಿಸ್ಟ್ ನಾನು. ಆಸ್ಪತ್ರೆಗೆ ಹೋಗುವ ಇಂಥ ಔಷಧಿಯನ್ನು ನಮ್ಮಂಥ ಅಂಗಡಿಯಲ್ಲಿ ಇಡುವುದು ಅಪರೂಪ, ಆದರೆ ಡಿಸ್ಟ್ರಿಬ್ಯೂಟರ್ ಕಳಿಸುವ ಬೆಲೆಪಟ್ಟಿಯಲ್ಲಿ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಹಾಗಿದ್ದೂ ಬಿ.ಎಚ್. ರಸ್ತೆಗೆ ಹತ್ತಿರದ ಒಂದು ಡೆಂಟಲ್ ಕ್ಲಿನಿಕ್‌ನಲ್ಲಿ ಬುದ್ಧಿ ಹಲ್ಲು ತೆಗೆಸಿಕೊಂಡಾಗ, ಆಪರೇಷನ್ ಖರ್ಚಿನ ಮೇಲೆ ಸೆಡೇಶನ್‌ಗೆಂದೇ, ಅಂದರೆ ಈ ಔಷಧಿ ಕೊಟ್ಟು ಭಯ ಇಳಿಸಿ ಮಂಪರು ತರಿಸುವುದಕ್ಕೆಂದೇ, 6,500 ರೂಪಾಯಿ ಬೇರೆ ಕೊಟ್ಟೆ. ಒಪ್ಪಿಯೇ ಕೊಟ್ಟೆ. ಬಿಲ್ ನೋಡಿದ ಮಗ, "ಅಪ್ಪಾ, ಔಷಧಿ ರೇಟು ನಿಂಗೇ ಗೊತ್ತು, ಇಷ್ಟೊಂದು ಯಾಕೆ ಕೊಟ್ಟೆ?" ಅಂತ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಕ್ಲಿನಿಕ್‌ನ ಹೆಸರು ಹಾಕುವುದಿಲ್ಲ. ಮೆಚ್ಚಿದ್ದೂ ಇದೆ, ತಕರಾರೂ ಇದೆ. ಈ ಸೇವೆ ಕೊಡುವ ಯಾವ ಜಾಗವನ್ನು ಅಳೆಯುವುದಕ್ಕೂ ಎರಡೂ ಉಪಯೋಗಕ್ಕೆ ಬರುತ್ತವೆ.

ಹಲ್ಲಿನ ಕುರ್ಚಿಯ ಭಯ ನನಗೆ ಚಿಕ್ಕಂದಿನದು. ಮಧುಗಿರಿಯಲ್ಲಿ ಓದುತ್ತಿದ್ದಾಗ ಒಬ್ಬರು, ಮರಗಟ್ಟಿಸುವ ಇಂಜೆಕ್ಷನ್ ಹಿಡಿಯುವ ಮೊದಲೇ ಇಕ್ಕಳ ಹಾಕಿ ದವಡೆ ಹಲ್ಲು ಕಿತ್ತಿದ್ದರು. ಈಗಲೂ ಕುರ್ಚಿ ಹಿಂದಕ್ಕೆ ವಾಲಿದರೆ ಸಾಕು, ಅಂಗೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಸಣ್ಣ ಕನ್ನಡಿ ನಾಲಿಗೆಗೆ ತಾಗಿದರೆ ವಾಕರಿಕೆ ಬರುತ್ತದೆ. ಇದು ಧೈರ್ಯ ಹೇಳಿದರೆ ಹೋಗುವ ಭಯವಲ್ಲ, ಮೈಗೆ ಕೂತಿರುವ ಭಯ. ನನ್ನ ಹಾಗಿನವರು ಎಷ್ಟು ಜನ ಎನ್ನುವುದು ಕೌಂಟರ್‌ನಲ್ಲಿ ನಿಂತರೆ ಗೊತ್ತಾಗುತ್ತದೆ. ಕೆನ್ನೆ ಹಿಡಿದುಕೊಂಡು ಬರುತ್ತಾರೆ. "ಅಣ್ಣಾ, ಹಲ್ಲುನೋವಿಗೆ ಒಂದು ಸ್ಟ್ರಾಂಗ್ ಮಾತ್ರೆ ಕೊಡಿ" ಅನ್ನುತ್ತಾರೆ. ಡಾಕ್ಟರ್ ಹತ್ತಿರ ಹೋಗಿ ಅಂದರೆ ಮೊದಲು ದುಡ್ಡಿನ ಮಾತು ಬರುತ್ತದೆ. ಇನ್ನೊಂದು ನಿಮಿಷ ಮಾತಾಡಿಸಿದರೆ ಭಯ ಹೊರಗೆ ಬೀಳುತ್ತದೆ. ಹೀಗೆ ಮಾತ್ರೆಯಲ್ಲೇ ತಳ್ಳಿದ ಹಲ್ಲಿನ ಕೀವು ದವಡೆಯ ಕೆಳಗೆ, ಕುತ್ತಿಗೆಗೆ ಇಳಿದು, ಬಾಯಿ ತೆಗೆಯಲಾಗದೆ ಉಸಿರಿಗೇ ಅಪಾಯವಾಗಬಹುದು. ಅದಕ್ಕೇ ಸೆಡೇಶನ್ ಅಂದರೆ ಶ್ರೀಮಂತರ ಚಪಲ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಭಯದಿಂದ ಕುರ್ಚಿಗೇ ಬಾರದವರನ್ನು ಕುರ್ಚಿಗೆ ತರುವ ದಾರಿ ಅದು.

ನನ್ನದು ಕೆಳಗಿನ ಎಡಗಡೆಯ ಕೊನೆಯ ಹಲ್ಲು. ಇಡೀ ದವಡೆ ಕಾಣುವ ಓಪಿಜಿ ಎಕ್ಸ್‌ರೇಯಲ್ಲಿ ನೋಡಿದರೆ ನೆಟ್ಟಗೆ ಬರದೆ ಮುಂದಿನ ಹಲ್ಲಿನ ಬೆನ್ನಿಗೆ ತಲೆ ಒತ್ತಿಕೊಂಡು ಓರೆಯಾಗಿ ಮಲಗಿತ್ತು. ಬೇರಿನ ಕೆಳಗೇ ತುಟಿಗೆ ಸ್ಪರ್ಶ ಕೊಡುವ ನರದ ಕಾಲುವೆ. ಐವತ್ತು ದಾಟಿದವರ ದವಡೆ ಮೂಳೆ ಹರೆಯದವರದ್ದಕ್ಕಿಂತ ಬಿರುಸಾಗಿರುತ್ತದೆ. ಹಾಗಾಗಿ ವಸಡು ಬಿಡಿಸಿ, ಸ್ವಲ್ಪ ಮೂಳೆ ಕೊರೆದು, ಹಲ್ಲನ್ನು ತುಂಡು ಮಾಡಿ ತೆಗೆಯಬೇಕು ಅಂತ ಸರ್ಜನ್ ಎಕ್ಸ್‌ರೇ ಮೇಲೆ ಪೆನ್ನಿಟ್ಟು ತೋರಿಸಿದರು. ಮುಕ್ಕಾಲು ಗಂಟೆಯ ಕೆಲಸ. ಭಯದ ವಿಷಯ ನಾನು ಹೇಳುವ ಮೊದಲೇ ಅವರು ನನ್ನ ಕೈ ನೋಡಿದ್ದರು. ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದೆ. "ಬರೀ ಲೋಕಲ್‌ನಲ್ಲಿ ಮಾಡಬಹುದು ಸರ್, ನೋವಾಗಲ್ಲ. ಆದ್ರೆ ನೀವು ಇಷ್ಟು ಟೆನ್ಶನ್‌ನಲ್ಲಿದ್ರೆ ಬೀಪಿ ಏರುತ್ತೆ, ನಿಮಗೂ ಕಷ್ಟ, ನಮಗೂ ಕಷ್ಟ" ಅಂದರು. ಲೋಕಲ್ ಅಂದರೆ ಆ ಜಾಗವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್. ನೇರವಾದ ಮಾತು, ಹಿಡಿಸಿತು.

ಇದ್ದ ದಾರಿಗಳನ್ನೂ ಅವರೇ ಬಿಡಿಸಿಟ್ಟರು. ಮೂಗಿನ ಮಾಸ್ಕ್‌ನಿಂದ ಕೊಡುವ ನೈಟ್ರಸ್ ಆಕ್ಸೈಡ್ ಗ್ಯಾಸ್ ಒಂದು. ಅಮೆರಿಕದ ಹಾರ್ಟ್‌ಫರ್ಡ್‌ನ ದಂತವೈದ್ಯ ಹೊರೇಸ್ ವೆಲ್ಸ್ 1844ರಲ್ಲಿ ತನ್ನದೇ ಹಲ್ಲನ್ನು ಈ ಗ್ಯಾಸ್ ಎಳೆದುಕೊಂಡು ಕೀಳಿಸಿಕೊಂಡಿದ್ದ. 1846ರಲ್ಲಿ ಬಾಸ್ಟನ್‌ನ ಆಸ್ಪತ್ರೆಯಲ್ಲಿ ಈಥರ್ ಕೊಟ್ಟು ನೋವಿಲ್ಲದ ಆಪರೇಷನ್ ಸಾಧ್ಯ ಅಂತ ತೋರಿಸಿದ ಮಾರ್ಟನ್ ಕೂಡ ಹಲ್ಲಿನ ವೈದ್ಯನೇ. ಇವತ್ತು ದೊಡ್ಡ ಆಪರೇಷನ್ ಥಿಯೇಟರ್‌ಗಳಲ್ಲಿ ಕೊಡುವ ಅನಸ್ತೇಶಿಯಾದ ಬೇರು ಹಲ್ಲಿನ ಕುರ್ಚಿಯಲ್ಲಿದೆ, ನಮ್ಮಲ್ಲಿ ಅದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಗ್ಯಾಸ್ ನಿಲ್ಲಿಸಿದ ಕೆಲವೇ ನಿಮಿಷಕ್ಕೆ ತಲೆ ತಿಳಿಯಾಗುತ್ತದೆ, ಮಕ್ಕಳಿಗೆ ಚೆನ್ನ. ಆದರೆ ಮೂಗಿನಿಂದಲೇ ಉಸಿರಾಡುತ್ತಿರಬೇಕು, ನನ್ನಷ್ಟು ಭಯಕ್ಕೆ ಅದು ಸಾಲದೇ ಹೋಗಬಹುದು ಅಂದರು. ಇನ್ನೊಂದು ಮಾತ್ರೆ. ನುಂಗಿದ ಮೇಲೆ ಯಾರಿಗೆ ಎಷ್ಟು ಹತ್ತುತ್ತದೆ ಅಂತ ಮೊದಲೇ ಹೇಳಲಾಗದು, ಜಾಸ್ತಿಯಾಯಿತು ಅಂದರೆ ಹಿಂದಕ್ಕೆ ಎಳೆಯಲೂ ಆಗದು. ಮೂರನೆಯದು ಆಸ್ಪತ್ರೆಗೆ ಸೇರಿ ಪೂರ್ತಿ ಜ್ಞಾನ ತಪ್ಪಿಸಿ ಮಾಡುವುದು. ಒಂದು ಹಲ್ಲಿಗೆ ಅಷ್ಟು ಬೇಡ. ಉಳಿದದ್ದು ರಕ್ತನಾಳಕ್ಕೆ ಇಂಜೆಕ್ಷನ್ ಕೊಟ್ಟು ಮಂಪರು ತರಿಸುವ ಈ ಸೆಡೇಶನ್. ಹನಿಹನಿಯಾಗಿ ಕೊಡಬಹುದು, ಸಾಕಾದಾಗ ನಿಲ್ಲಿಸಬಹುದು. ರೋಗಿಗೆ ಎಚ್ಚರ ಇರುತ್ತದೆ, ಕೂಗಿದರೆ ಓಗೊಡುತ್ತಾನೆ, ನುಂಗುತ್ತಾನೆ, ಕೆಮ್ಮುತ್ತಾನೆ, ತಾನೇ ಉಸಿರಾಡುತ್ತಾನೆ. ಬ್ರಿಟನ್‌ನಲ್ಲಿ 2001ರ ಕೊನೆಗೆ ಆಸ್ಪತ್ರೆಯ ಹೊರಗಿನ ಡೆಂಟಲ್ ಕ್ಲಿನಿಕ್‌ಗಳಲ್ಲಿ ಪೂರ್ತಿ ಅನಸ್ತೇಶಿಯಾ ಕೊಡುವುದನ್ನೇ ನಿಲ್ಲಿಸಿದರು. ಸಾವುಗಳಾಗಿದ್ದವು. ಅಲ್ಲಿಂದಾಚೆ ಅಲ್ಲಿನ ಕ್ಲಿನಿಕ್‌ಗಳಲ್ಲಿ ಉಳಿದಿರುವುದು ಎಚ್ಚರ ತಪ್ಪಿಸದ ಈ ಬಗೆಯ ಸೆಡೇಶನ್ನೇ.

ಒಂದು ಮಾತು ಇಲ್ಲೇ ಸ್ಪಷ್ಟವಾಗಲಿ. ಮಿಡಜೋಲಾಮ್ ನೋವಿನ ಔಷಧಿ ಅಲ್ಲ. ಅದು ಭಯವನ್ನು ಇಳಿಸುತ್ತದೆ, ನೆನಪನ್ನು ಮಸುಕು ಮಾಡುತ್ತದೆ, ಅಷ್ಟೇ. ನೋವು ತಡೆಯುವುದು ವಸಡಿಗೆ ಕೊಡುವ ಲಿಗ್ನೋಕೇನ್. ಸೆಡೇಶನ್ ಇದೆಯೆಂದು ಲೋಕಲ್ ಬಿಡುವ ಹಾಗಿಲ್ಲ. ಇದು ತಿಳಿಯದೆ "ನಿದ್ದೆ ಬರ್ಸಿ ಕೀಳ್ತಾರಂತೆ" ಅಂತ ಮಾತಾಡುವವರು ನಮ್ಮ ಅಂಗಡಿ ಮುಂದೆಯೇ ಸಿಗುತ್ತಾರೆ.

ಅನಸ್ತೇಶಿಯಾ ಡಾಕ್ಟರ್ ಕ್ಲಿನಿಕ್‌ನವರಲ್ಲ, ಕೇಸ್ ಇದ್ದಾಗ ಹೊರಗಿನಿಂದ ಬರುತ್ತಾರೆ. ನನಗಿಂತ ಬಹಳ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಪರೇಷನ್‌ಗೆ ಮೊದಲೇ ಒಂದು ಸಂಜೆ ಕರೆಸಿ ಕೂರಿಸಿಕೊಂಡು ಕೇಳಿದ ಪ್ರಶ್ನೆಗಳಿಂದಲೇ ನನಗೆ ಅರ್ಧ ಭರವಸೆ ಬಂದದ್ದು. ಬೀಪಿಗೆ ಆಮ್ಲೋಡಿಪಿನ್ 5 ತಗೊಳ್ಳುತ್ತೇನೆ ಅಂದೆ. ಹತೋಟಿಯಲ್ಲಿದೆಯಾ ಅಂತ ತಾವೇ ಅಳತೆ ಮಾಡಿ, ಎರಡನೇ ದರ್ಜೆ ಅಂತ ಬರೆದುಕೊಂಡರು. ಯಾವ ಕಾಯಿಲೆಯೂ ಇಲ್ಲದವರು ಒಂದನೇ ದರ್ಜೆ, ಸಣ್ಣ ಕಾಯಿಲೆ ಹತೋಟಿಯಲ್ಲಿರುವವರು ಎರಡನೇ ದರ್ಜೆ. ಕ್ಲಿನಿಕ್‌ನಲ್ಲಿ ಸೆಡೇಶನ್ ಕೊಡುವುದು ಸಾಮಾನ್ಯವಾಗಿ ಈ ಇಬ್ಬರಿಗೇ, ಅದಕ್ಕೆ ಮೇಲಿನವರಿಗೆ ಆಸ್ಪತ್ರೆಯೇ ಸರಿ. ಬಾಯಿ ತೆರೆಸಿ ನಾಲಿಗೆಯ ಹಿಂದೆ ಗಂಟಲು ಎಷ್ಟು ಕಾಣುತ್ತದೆ ಅಂತ ನೋಡಿದರು. ಕುತ್ತಿಗೆ ಎತ್ತಿಸಿ ನೋಡಿದರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, "ಇವರು ಗೊರಕೆ ಹೊಡೀತಾರಾ ಮೇಡಂ? ಮಧ್ಯೆ ಉಸಿರು ನಿಂತಂಗೆ ಆಗುತ್ತಾ?" ಅಂತ ಕೇಳಿದರು. ಗೊರಕೆ ಹೊಡೆಯುವವನಿಗೆ ತನ್ನ ಗೊರಕೆ ಗೊತ್ತಿರುವುದಿಲ್ಲ, ಪಕ್ಕದಲ್ಲಿ ಮಲಗುವವರಿಗೆ ಗೊತ್ತಿರುತ್ತದೆ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದರೆ ಈ ಔಷಧಿ ಅಪಾಯ. ಇದೊಂದು ಪ್ರಶ್ನೆ ಕೇಳದ ಕಡೆ ನಾನಾದರೆ ತೋಳು ಚಾಚುವುದಿಲ್ಲ.

ಮುಂದಿನದು ನನ್ನ ವೃತ್ತಿಗೇ ಬಂದ ಪ್ರಶ್ನೆ. "ಹುಳುಕಡ್ಡಿಗೆ ಏನಾದ್ರೂ ಮಾತ್ರೆ ತಗೊಳ್ತಿದೀರಾ ಸರ್?" ನನಗೆ ಖುಷಿಯಾಯಿತು. ನಮ್ಮ ಕಡೆ ಬೆವರಿನ ಕಾಲಕ್ಕೆ ತೊಡೆಸಂದಿಯ ಹುಳುಕಡ್ಡಿಗೆ ಇಟ್ರಾಕೊನಜೋಲ್ ಎಷ್ಟು ಓಡುತ್ತದೆಂದು ಮೆಡಿಕಲ್‌ನವರಿಗೆ ಗೊತ್ತು. ವಾರಗಟ್ಟಲೆ ನುಂಗುತ್ತಾರೆ, ಬೇರೆ ಡಾಕ್ಟರಿಗೆ ಹೇಳುವುದಕ್ಕೆ ನಾಚಿಕೆ. ಮಿಡಜೋಲಾಮನ್ನು ಕರಗಿಸಿ ಹೊರಹಾಕುವ ಲಿವರ್‌ನ ಕೆಲಸವನ್ನು ಈ ಮಾತ್ರೆ ತಡೆಯುತ್ತದೆ. ಕೊಟ್ಟ ಮಂಪರು ಇಳಿಯದೆ ಗಂಟೆಗಟ್ಟಲೆ ಎಳೆಯುತ್ತದೆ. ಕೀಟೊಕೊನಜೋಲ್, ಕ್ಲಾರಿತ್ರೊಮೈಸಿನ್ ಕೂಡ ಹಾಗೆಯೇ. ಟೀಬಿಯ ರಿಫಾಂಪಿಸಿನ್ ಇದರ ಉಲ್ಟಾ, ಔಷಧಿಯನ್ನು ಬೇಗ ಕರಗಿಸಿಬಿಡುತ್ತದೆ. ರಾತ್ರಿ ನಿದ್ದೆಗೆ ಆಲ್‌ಪ್ರಜೋಲಾಮ್ ನುಂಗುವವರು, ಕುಡಿಯುವ ಅಭ್ಯಾಸ ಇರುವವರು ಮುಚ್ಚಿಡದೆ ಹೇಳಲೇಬೇಕು. ಡಾಕ್ಟರ್ ಬೈಯುತ್ತಾರೆ ಅಂತ ಮುಚ್ಚಿಟ್ಟರೆ ಡೋಸ್ ಲೆಕ್ಕವೇ ತಪ್ಪುತ್ತದೆ. ಓದುತ್ತಿರುವವರಲ್ಲಿ ನನ್ನ ಕೋರಿಕೆ ಇಷ್ಟೇ: ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪನ್ನೂ ಒಂದು ಕವರ್‌ಗೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ಹೆಸರು ನೆನಪಿಟ್ಟು ಹೇಳುವ ತಾಪತ್ರಯ ಬೇಡ.

ಊಟದ ನಿಯಮ ಆರು ಗಂಟೆ ಗಟ್ಟಿ ಪದಾರ್ಥ ಇಲ್ಲ, ಎರಡು ಗಂಟೆ ನೀರೂ ಇಲ್ಲ. ಬೀಪಿ ಮಾತ್ರೆ ಮಾತ್ರ ಬೆಳಗ್ಗೆ ಒಂದು ಗುಟುಕು ನೀರಿನಲ್ಲಿ. ಬೆಳಗಿನ ಸಮಯ ಕೊಟ್ಟಿದ್ದರಿಂದ ನನಗೆ ತೊಂದರೆಯಾಗಲಿಲ್ಲ. ಮಧ್ಯಾಹ್ನ ಕೊಟ್ಟರೆ ಬೇಡ ಅನ್ನಿ, ಅದರಲ್ಲೂ ಶುಗರ್ ಇರುವವರು.

ಕುರ್ಚಿಯಲ್ಲಿ ಒರಗಿದ ಮೇಲೆ ಎಡಗೈ ಹಿಂಭಾಗಕ್ಕೆ ರಕ್ತನಾಳಕ್ಕೆ ಔಷಧಿ ಬಿಡುವ ನೀಲಿ ಬಣ್ಣದ 22 ಗೇಜ್ ಕ್ಯಾನುಲಾ, ಬಲತೋಳಿಗೆ ಬೀಪಿ ಪಟ್ಟಿ, ಬೆರಳಿಗೆ ಆಕ್ಸಿಮೀಟರ್ ಕ್ಲಿಪ್, ಮೂಗಿಗೆ ಆಕ್ಸಿಜನ್ನಿನ ಸಣ್ಣ ನಳಿಕೆ. ಕೊರೊನಾ ಕಾಲದಲ್ಲಿ ನನ್ನ ಅಂಗಡಿಯಿಂದ ಆಕ್ಸಿಮೀಟರ್ ಒಯ್ಯದ ಮನೆ ನಮ್ಮ ಬೀದಿಯಲ್ಲಿರಲಿಲ್ಲ, 94ರ ಕೆಳಗೆ ಇಳಿದರೆ ಎಲ್ಲರ ಎದೆಯೂ ನಡುಗುತ್ತಿತ್ತು. ಅದೇ ಸಂಖ್ಯೆ ಈಗ ನನ್ನ ತಲೆಯ ಪಕ್ಕದ ಪರದೆಯಲ್ಲಿ 98 ಅಂತ ಓಡುತ್ತಿತ್ತು.

ನಾನು ವಯಲ್ ತೋರಿಸಿ ಅಂದೆ. ಅನಸ್ತೇಶಿಯಾ ಮೇಡಂ ಬೇಸರಪಡದೆ ತೋರಿಸಿದರು. ನಾನು ನೋಡಬೇಕಿದ್ದದ್ದು ಒಂದೇ, ಅದು ಮಿಲಿಲೀಟರಿಗೆ 1 ಮಿ.ಗ್ರಾಂ. ಬಗೆಯೋ 5 ಮಿ.ಗ್ರಾಂ. ಬಗೆಯೋ ಅಂತ. ಮಾರುಕಟ್ಟೆಯಲ್ಲಿ ಎರಡೂ ಇವೆ, ನೋಡುವುದಕ್ಕೆ ಎರಡೂ ನೀರಿನ ಹಾಗೆ. 1970ರ ದಶಕದಲ್ಲಿ ರೋಶ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಔಷಧಿ ಅಮೆರಿಕದಲ್ಲಿ 1985ರಲ್ಲಿ ಒಪ್ಪಿಗೆ ಪಡೆಯಿತು. ಮೊದಲ ವರ್ಷಗಳಲ್ಲಿ ಗಟ್ಟಿ ದ್ರಾವಣವನ್ನು ಬೇಗಬೇಗ ಕೊಟ್ಟು ಉಸಿರು ನಿಂತು ಸತ್ತವರಿದ್ದಾರೆ. ಆಮೇಲೆ ಲೇಬಲ್ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಂತು: ಕಡಿಮೆಯಿಂದ ಶುರು ಮಾಡಿ, ನಿಧಾನ ಕೊಡಿ, ಕಾಯಿರಿ. ಬ್ರಿಟನ್‌ನಲ್ಲಿ 2008ರಲ್ಲೂ ಗಟ್ಟಿ ವಯಲ್ ಬಳಸಿ ಡೋಸ್ ಹೆಚ್ಚಾಗುತ್ತಿದೆಯೆಂದು ಸರ್ಕಾರಿ ಎಚ್ಚರಿಕೆ ಹೊರಬಿತ್ತು. ನನಗೆ ತೋರಿಸಿದ್ದು 1 ಮಿ.ಗ್ರಾಂ. ಬಗೆ. ಸಿರಿಂಜ್ ಮೇಲೆ ಹೆಸರು, ಪ್ರಮಾಣ ಬರೆದ ಚೀಟಿ ಅಂಟಿಸಿದ್ದರು. ಪಕ್ಕದ ಟ್ರೇಯಲ್ಲಿ ಫ್ಲುಮಜೆನಿಲ್ ಕೂಡ ಇತ್ತು, ಮಿಡಜೋಲಾಮಿನ ಕೆಲಸವನ್ನು ಒಂದೆರಡು ನಿಮಿಷದಲ್ಲಿ ಬಿಡಿಸತೊಡಗುವ ಮದ್ದು. ಮಿಡಜೋಲಾಮಿಗಿಂತ ಹಲವು ಪಟ್ಟು ದುಬಾರಿ. ಬಳಸುವ ಸಂದರ್ಭ ಬರುವುದೇ ವಿರಳ, ಎಕ್ಸ್‌ಪೈರಿ ಆದರೆ ಬಿಸಾಡಬೇಕು, ಹಾಗಾಗಿ ದುಡ್ಡು ಉಳಿಸುವವರು ಮೊದಲು ಕೈಬಿಡುವುದು ಇದನ್ನೇ. ಅದರ ಡೇಟ್ ಕೂಡ ನೋಡಿದೆ. ಸರಿಯಾಗಿತ್ತು. ಫ್ಲುಮಜೆನಿಲ್ಲಿನ ಪ್ರಭಾವ ಮಿಡಜೋಲಾಮಿಗಿಂತ ಮೊದಲು ಇಳಿದು ಮಂಪರು ಮರುಕಳಿಸಬಹುದು, ಅದಕ್ಕೇ ಅದನ್ನು ಕೊಟ್ಟವರನ್ನು ಬೇಗ ಮನೆಗೆ ಕಳಿಸಬಾರದು ಅನ್ನುವುದನ್ನೂ ಮೇಡಂ ತಾವಾಗಿಯೇ ಹೇಳಿದರು.

ಮೊದಲ 1 ಮಿ.ಗ್ರಾಂ. ಒಳಗೆ ಹೋಯಿತು. ಎರಡು ನಿಮಿಷ ಕಾದರು. ಏನೂ ಆಗಲಿಲ್ಲ. ಎರಡನೆಯದಕ್ಕೆ ಭುಜ ಸಡಿಲವಾಯಿತು. ಅದು ಸಡಿಲವಾದಾಗಲೇ ಅಷ್ಟು ಹೊತ್ತು ಎಷ್ಟು ಬಿಗಿದುಕೊಂಡಿದ್ದೆ ಅಂತ ಗೊತ್ತಾದದ್ದು. ಮೂರನೆಯದಕ್ಕೆ ನಾಲಿಗೆ ದಪ್ಪ, ರೆಪ್ಪೆ ಅರ್ಧಕ್ಕೆ ಇಳಿದಿತ್ತಂತೆ. "ಸರ್, ನಿಮ್ ಅಂಗಡಿ ಎಲ್ಲಿ?" ಅಂದರು. "ಶಿರಾ ಗೇಟ್" ಅಂದೆ, ನನ್ನ ದನಿ ನನಗೇ ನಿಧಾನವಾಗಿ ಕೇಳಿಸಿತು. ಭಯ ಮಾಯವಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಭಯ ಅಲ್ಲೇ ಎಲ್ಲೋ ಇತ್ತು, ನೆರೆಮನೆಯ ಜಗಳದ ಹಾಗೆ, ಕೇಳಿಸುತ್ತಿತ್ತು ಆದರೆ ನನ್ನದಾಗಿರಲಿಲ್ಲ. ವಸಡಿಗೆ ಸೂಜಿ ಹೋದದ್ದು ನೆನಪಿದೆ, ನೋವಾದ ನೆನಪಿಲ್ಲ. ಬಾಯಿಗೆ ರಬ್ಬರ್ ತುಂಡು ಇಟ್ಟರು. "ಅಣ್ಣಾ, ಮೂಗಲ್ಲಿ ಉಸ್ರು ಎಳ್ಕೊಳ್ಳಿ" ಅಂತ ಸಿಸ್ಟರ್ ಅಂದದ್ದು ನೆನಪಿದೆ. ಡ್ರಿಲ್ ಸದ್ದು ಸ್ವಲ್ಪ ನೆನಪಿದೆ. ಅಲ್ಲಿಂದ ಮುಂದೆ ಸಿಗುವುದು "ಮುಗೀತು ಸರ್" ಅನ್ನುವ ಮಾತು. ನನಗೆ ಐದು ನಿಮಿಷ ಅನ್ನಿಸಿತ್ತು, ಗೋಡೆಯ ಗಡಿಯಾರದಲ್ಲಿ ಸುಮಾರು ಒಂದು ಗಂಟೆ ಕಳೆದಿತ್ತು. ಅಷ್ಟು ಹೊತ್ತೂ ಅವರು ಹೇಳಿದಾಗಲೆಲ್ಲ ನಾನು ಬಾಯಿ ತೆರೆದಿದ್ದೇನೆ, ತಲೆ ತಿರುಗಿಸಿದ್ದೇನೆ, "ಹೂಂ" ಅಂದಿದ್ದೇನೆ. ಈ ಔಷಧಿ ಒಳಗೆ ಹೋದ ಮೇಲೆ ನಡೆದದ್ದನ್ನು ತಲೆ ಬರೆದಿಟ್ಟುಕೊಳ್ಳುವುದಿಲ್ಲ. ಮೊದಲಿನ ನೆನಪಿಗೆ ಏನೂ ಆಗುವುದಿಲ್ಲ.

ಹಾಗಾದರೆ ನೆನಪೇ ಇಲ್ಲದ ಸೇವೆಯನ್ನು ಚೆನ್ನಾಗಿತ್ತು ಅಂತ ಹೇಗೆ ಹೇಳುತ್ತೀಯ ಅಂತ ಮಗ ಕೇಳಿದ. ಸರಿಯಾದ ಪ್ರಶ್ನೆ. ಅದಕ್ಕೆ ನನ್ನ ಹತ್ತಿರ ಕಾಗದವಿದೆ. ಸೆಡೇಶನ್ ಚಾರ್ಟ್‌ನ ನಕಲು ಕೇಳಿ ತೆಗೆದುಕೊಂಡೆ. ಐದೈದು ನಿಮಿಷಕ್ಕೆ ಬೀಪಿ, ನಾಡಿ, ಆಕ್ಸಿಜನ್, ಉಸಿರಿನ ಲೆಕ್ಕ, ಕರೆದರೆ ಓಗೊಟ್ಟರೋ ಇಲ್ಲವೋ, ಎಷ್ಟು ಗಂಟೆಗೆ ಎಷ್ಟು ಮಿಲಿಗ್ರಾಂ, ಎಲ್ಲ ಕೈಬರಹದಲ್ಲಿದೆ. ಒಟ್ಟು 4 ಮಿ.ಗ್ರಾಂ. ಮಧ್ಯದಲ್ಲಿ ಒಂದು ಸಾಲು: ಆಕ್ಸಿಜನ್ 93, ಹೆಸರು ಕೂಗಿದೆ, ಗಲ್ಲ ಎತ್ತಿದೆ, ಉಸಿರು ಎಳೆಯಲು ಹೇಳಿದೆ. ಮರುಸಾಲಿನಲ್ಲಿ 97.

ಆ 6,500 ರೂಪಾಯಿ ಕೊಟ್ಟದ್ದು ಈ ಎರಡು ಸಾಲಿಗೆ. ಆ ಹೊತ್ತಿನಲ್ಲಿ ಸರ್ಜನ್‌ರ ಎರಡೂ ಕೈ ನನ್ನ ಬಾಯೊಳಗಿತ್ತು, ಕಣ್ಣು ಮೂಳೆಯ ಮೇಲಿತ್ತು. ನರ ಪಕ್ಕದಲ್ಲೇ ಇದ್ದ ಹಲ್ಲು, ಅವರು ಪರದೆ ನೋಡುವ ಹಾಗಿರಲಿಲ್ಲ, ನೋಡಲೂಬಾರದು. ಬೇರೆ ಯಾವ ಕೆಲಸವೂ ಇಲ್ಲದೆ, ನನ್ನ ಎದೆ ಏರಿ ಇಳಿಯುವುದನ್ನೇ ನೋಡುತ್ತ ಒಬ್ಬರು ತಲೆಯ ಹತ್ತಿರ ಕೂತಿದ್ದರು. 93 ಅಂದರೆ ದೊಡ್ಡ ಅಪಾಯವೇನಲ್ಲ. ಗಲ್ಲ ಎತ್ತಿದರೆ ಸರಿಹೋಗುವಂಥದ್ದು, ಸರಿಹೋಯಿತು. ಯಾರೂ ನೋಡದೆ ಬಿಟ್ಟಿದ್ದರೆ ಮುಂದಿನ ಸಾಲಿನಲ್ಲಿ ಎಷ್ಟಿರುತ್ತಿತ್ತೋ. ಔಷಧಿ ಅಗ್ಗ. ಅದನ್ನು ಸಿರಿಂಜಿಗೆ ಎಳೆದು ರಕ್ತನಾಳಕ್ಕೆ ಬಿಡುವುದಕ್ಕೂ ದೊಡ್ಡ ವಿದ್ಯೆ ಬೇಡ. ಕೊಟ್ಟ ಮೇಲೆ ಕಾಯುವುದಕ್ಕೆ, ಉಸಿರು ಕೆಟ್ಟರೆ ಮಾಸ್ಕ್ ಹಿಡಿದು ಗಾಳಿ ತುಂಬುವುದಕ್ಕೆ ತರಬೇತಿ ಬೇಕು, ಪುರುಸೊತ್ತೂ ಬೇಕು. ಆ ಪುರುಸೊತ್ತನ್ನೇ ನಾನು ಕೊಂಡುಕೊಂಡದ್ದು. ಸರ್ಜನ್ನೇ ಇಂಜೆಕ್ಷನ್ ಕೊಟ್ಟು ಸರ್ಜನ್ನೇ ಹಲ್ಲು ಕೀಳುತ್ತೇನೆ, ಖರ್ಚು ಕಡಿಮೆ ಮಾಡಿಕೊಡುತ್ತೇನೆ ಅಂದರೆ, ಕಾಯುವುದಕ್ಕೆ ತರಬೇತಾದ ಇನ್ನೊಬ್ಬರು ಇಲ್ಲದಿದ್ದರೆ, ನಾನು ಎದ್ದು ಬರುತ್ತೇನೆ. ನಮ್ಮ ಕೌಂಟರ್‌ಗೆ ಬರುವ ಎಲ್ಲರಿಗೂ ಇದನ್ನೇ ಹೇಳುತ್ತಿದ್ದೇನೆ. ಕೋಣೆಯಲ್ಲಿ ರೋಗಿಯ ಜೊತೆ ಒಬ್ಬರೇ ಇರಬಾರದು, ಹೆಣ್ಣುಮಕ್ಕಳಾದರೆ ಸಿಸ್ಟರ್ ಒಬ್ಬರು ಇರಲೇಬೇಕು ಅನ್ನುವುದನ್ನೂ ಸೇರಿಸುತ್ತೇನೆ. ಈ ಮಂಪರಿನಲ್ಲಿ ಇಲ್ಲದ್ದು ಕಂಡ ಹಾಗಾಗುವುದೂ ಉಂಟು.

ಈಗ ತಕರಾರು. ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷ್‌ನಲ್ಲಿತ್ತು. ನನಗೆ ಓದಲು ಬರುತ್ತದೆ. ಗುಬ್ಬಿಯಿಂದಲೋ ಕೊರಟಗೆರೆಯಿಂದಲೋ ಬಂದ ರೈತರು ಅದರಲ್ಲಿ ಏನು ಓದಿ ಸಹಿ ಹಾಕುತ್ತಾರೆ? ಮನೆಗೆ ಹೋದ ಮೇಲೆ ಏನು ಮಾಡಬಾರದು ಅನ್ನುವ ಪಟ್ಟಿಯೂ ಇಂಗ್ಲಿಷ್. ರಾತ್ರಿ ಆ ಕಾಗದ ಹಿಡಿದು ಕೂರುವುದು ಮನೆಯ ಹೆಂಗಸರು. ಇದನ್ನು ಹೇಳಿದಾಗ ಸರ್ಜನ್ ತಲೆಯಾಡಿಸಿದರು. ನಾನೇ ಕನ್ನಡದಲ್ಲಿ ಒಂದು ಪುಟ ಬರೆದು, ಮೇಡಂಗೆ ತೋರಿಸಿ ತಿದ್ದಿಸಿ ಕೊಟ್ಟು ಬಂದಿದ್ದೇನೆ, ಬಳಸಿದರೆ ಸಂತೋಷ.

ಕ್ಯಾಪ್ನೋಗ್ರಾಫ್ ಇರಲಿಲ್ಲ. ಬಿಟ್ಟ ಉಸಿರಿನಲ್ಲಿರುವ ಕಾರ್ಬನ್ ಡೈಆಕ್ಸೈಡ್ ಅಳೆಯುವ ಯಂತ್ರ ಅದು. ಮೂಗಿಗೆ ಆಕ್ಸಿಜನ್ ಹರಿಯುತ್ತಿರುವಾಗ ಉಸಿರು ಕಡಿಮೆಯಾದರೂ ಬೆರಳಿನ ಕ್ಲಿಪ್ ಸ್ವಲ್ಪ ಹೊತ್ತು ಒಳ್ಳೆಯ ಸಂಖ್ಯೆಯನ್ನೇ ತೋರಿಸುತ್ತಿರುತ್ತದೆ, ಕ್ಯಾಪ್ನೋಗ್ರಾಫ್ ಮೊದಲೇ ಕೂಗುತ್ತದೆ. ಅಮೆರಿಕದ ಅನಸ್ತೇಶಿಯಾ ವೈದ್ಯರ ಸಂಘ 2011ರಿಂದ ಈ ಮಟ್ಟದ ಸೆಡೇಶನ್‌ಗೂ ಅದು ಬೇಕು ಅನ್ನುತ್ತದೆ. ಮಾತಾಡಿಸುತ್ತಲೇ ಇರುವಷ್ಟು ಹಗುರ ಸೆಡೇಶನ್‌ಗೆ ಕಣ್ಣೇ ಸಾಕು ಅಂತ ಮೇಡಂ ಹೇಳಿದರು. ಅವರ ಕಣ್ಣಿನ ಮೇಲೆ ನನಗೆ ನಂಬಿಕೆ ಇದೆ, ಆದರೂ ಯಂತ್ರ ಇದ್ದರೆ ಒಳ್ಳೆಯದು ಅನ್ನುವ ನನ್ನ ಅಭಿಪ್ರಾಯ ಬದಲಾಗಿಲ್ಲ.

ಸೆಡೇಶನ್ ಫೀಸ್ ಎಷ್ಟು ಅಂತ ಮೊದಲ ದಿನ ಹೇಳಲಿಲ್ಲ, ಕೇಳಿದ ಮೇಲೆ ಹೇಳಿದರು. ಭಯದಲ್ಲಿರುವವರಿಗೆ ಕೇಳುವ ಧೈರ್ಯ ಇರುವುದಿಲ್ಲ, ಎಕ್ಸ್‌ರೇ ತೋರಿಸುವಾಗಲೇ ಹೇಳಿಬಿಡಬೇಕು. ಅಷ್ಟು ಕೊಡಲಾಗದವರಿಗೆ ಅಗಳಕೋಟೆಯ ಸಿದ್ಧಾರ್ಥ ಡೆಂಟಲ್ ಕಾಲೇಜ್ ಆಸ್ಪತ್ರೆ ಊರಿನಲ್ಲೇ ಇದೆ, ಬುದ್ಧಿ ಹಲ್ಲಿನ ಕೆಲಸವನ್ನು ಮೊದಲು ಅಲ್ಲಿ ವಿಚಾರಿಸಿ ಅಂತ ನಮ್ಮಲ್ಲಿ ಕೇಳುವವರಿಗೆ ಹೇಳುತ್ತೇನೆ.

ಆಮೇಲೆ ಒಂದು ಗಂಟೆ ಕೂರಿಸಿದರು. ಕ್ಯಾನುಲಾ ತೆಗೆದದ್ದು ಕೊನೆಗೆ, ಎದ್ದು ನೆಟ್ಟಗೆ ನಡೆದು ತೋರಿಸಿದ ಮೇಲೆ. ಇದು ಸರಿ, ಏನಾದರೂ ಆದರೆ ಔಷಧಿ ಕೊಡಲು ದಾರಿ ತೆರೆದಿರಬೇಕು. ನನ್ನ ಭಾವಮೈದ ಸ್ಕೂಟರ್ ತಂದಿದ್ದ. "ಹಿಂದೆ ಕೂರಿಸ್ಕೊಂಡು ನಿಧಾನಕ್ಕೆ ಹೋಗ್ತೀನಿ ಮೇಡಂ" ಅಂದ. ಮೇಡಂ ಖಡಾಖಂಡಿತ ಬೇಡ ಅಂದರು. ಮಂಪರಿನಲ್ಲಿರುವವನು ಹಿಂದಿನ ಸೀಟಿನಲ್ಲಿ ವಾಲಿದರೆ ಹಿಡಿಯುವವರು ಯಾರು? ಆಟೋ ಬರುವ ತನಕ ನನ್ನನ್ನು ಬಿಡಲಿಲ್ಲ. ತುಮಕೂರಿನಲ್ಲಿ ಆಸ್ಪತ್ರೆಗೆ ಹೋಗುವುದೂ ಬರುವುದೂ ಟೂ ವೀಲರ್‌ನಲ್ಲೇ, ಹಾಗಾಗಿ ಇದನ್ನು ಒತ್ತಿ ಬರೆಯುತ್ತಿದ್ದೇನೆ.

24 ಗಂಟೆ ಗಾಡಿ ಓಡಿಸುವ ಹಾಗಿಲ್ಲ, ಕಾಗದಪತ್ರಕ್ಕೆ ಸಹಿ ಹಾಕುವ ಹಾಗಿಲ್ಲ. ನನಗಂತೂ ಅಂಗಡಿ ತೆರೆಯುವ ಹಾಗಿರಲಿಲ್ಲ. ತಲೆ ತಿಳಿಯಾಗಿದೆ ಅಂತ ನನಗೆ ಅನ್ನಿಸಿದ್ದರೂ ಅದೇ ಸಂಜೆ ಮಗಳು ಫೋನ್ ಮಾಡಿದಳಾ ಅಂತ ಹೆಂಡತಿಯನ್ನು ಮತ್ತೆ ಮತ್ತೆ ಕೇಳಿದ್ದೇನೆ. ಮಗಳ ಜೊತೆ ಆಗಲೇ ಮಾತಾಡಿ ಆಗಿತ್ತಂತೆ. ಆ ತಲೆಯಲ್ಲಿ ಒಬ್ಬ ಮಗುವಿನ ಸಿರಪ್ ಡೋಸ್ ಓದಿ ಕೊಡುವುದು ಊಹಿಸಲೂ ಆಗದ ಮಾತು. ಮಾರನೇ ದಿನ ಶಟರ್ ಎಳೆದೇ ಇತ್ತು. ಪೇಮೆಂಟ್ ಆ್ಯಪ್ ಇರುವ ಮೊಬೈಲ್ ಕೂಡ ಹೆಂಡತಿಯ ಹತ್ತಿರವೇ ಇರಲಿ ಅಂತ ಮೊದಲೇ ಕೊಟ್ಟಿದ್ದೆ.

ಹಲ್ಲಿನ ವಿಷಯಕ್ಕೆ ಬಂದರೆ ಊತ, ಬಾಯಿ ಬಿಗಿತ ಎಲ್ಲರಿಗೂ ಆಗುವಷ್ಟು ಆಯಿತು. ಐಸ್ ಇಟ್ಟೆ, ತಣ್ಣಗಿನ ರಾಗಿ ಅಂಬಲಿ, ಮೊಸರನ್ನ ತಿಂದೆ, ವಾರದ ಮೇಲೆ ಹೊಲಿಗೆ ಬಿಚ್ಚಿದರು. ತುಟಿ ಜೋಮು ಹಿಡಿಯಲಿಲ್ಲ.

ಗರ್ಭಿಣಿಯರು, ನಿದ್ದೆಯಲ್ಲಿ ಉಸಿರು ಕಟ್ಟುವವರು, ಶ್ವಾಸಕೋಶದ ಕಾಯಿಲೆ ಬಲವಾಗಿರುವವರು ಇದನ್ನು ಕ್ಲಿನಿಕ್‌ನಲ್ಲಿ ತೆಗೆದುಕೊಳ್ಳಬೇಡಿ. ವಯಸ್ಸಾದವರಿಗೆ ಬಹಳ ಕಡಿಮೆ ಡೋಸ್ ಸಾಕು, ಕೆಲವರಿಗೆ ಶಾಂತವಾಗುವ ಬದಲು ಕೆರಳುವಿಕೆಯೂ ಆಗಬಹುದು. ಉಳಿದಂತೆ ಕುರ್ಚಿಯ ಭಯಕ್ಕೆ ಹಲ್ಲನ್ನು ಕೊಳೆಯಲು ಬಿಟ್ಟವರು, ಕನ್ನಡಿ ತಾಗಿದರೆ ವಾಕರಿಸುವವರು ಧೈರ್ಯವಾಗಿ ವಿಚಾರಿಸಿ. ಫೋನ್‌ನಲ್ಲೇ ಕೇಳಬಹುದು: ನನ್ನನ್ನು ನೋಡಿಕೊಳ್ಳುವುದಕ್ಕೇ ಅಂತ ಬೇರೊಬ್ಬರು ಕೂರುತ್ತಾರಾ, ಮೊದಲೇ ಒಂದು ದಿನ ಕರೆಸಿ ನೋಡುತ್ತಾರಾ, ಫ್ಲುಮಜೆನಿಲ್ ಇಟ್ಟಿದ್ದಾರಾ. ಮೂರಕ್ಕೂ ಹೌದು ಅಂದರೆ ಹೋಗಿ.

ಇನ್ನೊಂದನ್ನೂ ಕೇಳಿ, ಕ್ಲಿನಿಕ್ ಎಷ್ಟನೇ ಮಹಡಿ. ನನ್ನದು ಮೊದಲನೇ ಮಹಡಿಯಲ್ಲಿತ್ತು, ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದಾಗಿ ತಿರುಗುತ್ತದೆ. ಸಿಸ್ಟರ್ ಒಂದು ಕಡೆ, ಭಾವಮೈದ ಇನ್ನೊಂದು ಕಡೆ ಹಿಡಿದು ಇಳಿಸಿದರು. ಕೆಳಗಿನ ಅಂಗಡಿ ಖಾಲಿಯಾದಾಗ ಸೆಡೇಶನ್ ಕೇಸ್‌ಗಳಿಗೆಂದು ಅಲ್ಲೊಂದು ಕೋಣೆ ಮಾಡುತ್ತೇವೆ ಅಂತ ಸರ್ಜನ್ ಹೇಳಿದ್ದಾರೆ. ಬಲಗಡೆಯ ಹಲ್ಲೂ ಓರೆಯಾಗಿಯೇ ಇದೆ. ಅದಕ್ಕೂ ಇವರ ಹತ್ತಿರವೇ ಹೋಗುತ್ತೇನೆ, ಅದೇ ಮೇಡಂ ಬರುವ ದಿನ ನೋಡಿಕೊಂಡು.